ಉಸ್ತಿನ್ಯಾ ಹಾಕಿದ ಗಂಟು

ಅನ್ಫೀಸಾ ಮೇಜಿನ ಮೇಲಿಟ್ಟ ಗಾಳದ ದಾರದ ರೀಲನ್ನು ಲವ್ರೆಂತಿ ಮುಟ್ಟಲೂ ಇಲ್ಲ. ಚಹಾವನ್ನು ತಟ್ಟೆಗೆ ಬಗ್ಗಿಸಿ, ಊದಿ, ಸಕ್ಕರೆಯ ತುಣುಕನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೀರುತ್ತ ಕುಳಿತ.

"ಒಳ್ಳೇ ನೈಲಾನು ಭಾವ. ಎಂಥ ಚಳಿಗೂ ಸೆಡೆಯಲ್ಲ ಅಂತ ಅಂಗಡಿಯವನು ಆಣೆ ಮಾಡಿ ಹೇಳ್ದ."

"ಆ ನೇಯ್ದ ದಾರ ಮಾರ್ದಾಗ್ಲೂ ಹಂಗೇ ಆಣೆ ಮಾಡಿದ್ದ. ನೀರು ಕುಡ್ಕೊಂಡು ಕುಡ್ಕೊಂಡು ಕೋಲಿನ ತುದೀಲೇ ಗಡ್ಡೆ ಕಟ್ಕೊಂಡು ನಿಂತಿತ್ತು. ಬಟ್ಟೆ ಒಣಗಿಸೋಕೆ ಆಗ್ತಿತ್ತು ಅಷ್ಟೆ."

"ಇದು ನೇಯ್ದಿದ್ದಲ್ಲ, ಒಂಟಿ ಎಳೆ. ಕಣ್ಣು ಬಿಟ್ಟು ನೋಡಿ."

"ನನ್ನ ಹತ್ರ ದಾರ ಇದೆ."

ಅನ್ಫೀಸಾ ಒಲೆಯ ಕಡೆ ನೋಡಿದಳು. ಒಲೆಗೂ ಕಿಟಕಿಗೂ ನಡುವಿನ ಗೋಡೆಯಲ್ಲಿ, ಒಣಗಲು ತೂಗುಹಾಕಿದ ಈರುಳ್ಳಿ ಜಡೆಗಳ ಮಧ್ಯೆ, ಮೊಳದುದ್ದದ ಗಾಳದ ಕೋಲು ನೇತಾಡುತ್ತಿತ್ತು. ಅದಕ್ಕೆ ಸುತ್ತಿದ್ದು ಹೋದ ಚಳಿಗಾಲದ ದಾರ. ಸುತ್ತಿದವಳು ಅವಳ ಅಕ್ಕ, ಲವ್ರೆಂತಿಯ ಹೆಂಡತಿ ಉಸ್ತಿನ್ಯಾ. ಈರುಳ್ಳಿ ಕೀಳುವ ಕಾಲದಲ್ಲಿ ಅವಳು ತೀರಿಕೊಂಡಳು.

ಪ್ರತಿ ವರ್ಷ ಸರೋವರ ಹೆಪ್ಪುಗಟ್ಟಿದ ಕೂಡಲೇ ಗಂಡ ಹೆಂಡತಿ ಕೂತು ಹಳೆಯ ದಾರ ತೆಗೆದು ಹೊಸದು ಸುತ್ತುತ್ತಿದ್ದರು. ಆರಿಸುವುದು ಅವನ ಕೆಲಸ. ರೀಲನ್ನು ಅಂಗಳದ ಹಿಮದಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಮಾರುದ್ದ ಎಳೆದು ಇಳಿಬಿಡುತ್ತಿದ್ದ. ದಪ್ಪ ದಾರ ಚಳಿಗೆ ಸ್ಪ್ರಿಂಗಿನಂತೆ ಸುರುಳಿಯಾಗಿಯೇ ಉಳಿಯುತ್ತದೆ. ಕೆಳಗೆ ಮೀನು ಮುಟ್ಟಿದರೂ ಮೇಲೆ ಬೆರಳಿಗೆ ಗೊತ್ತಾಗುವುದಿಲ್ಲ. ತೀರ ಸಣ್ಣದಾದರೆ ದೊಡ್ಡ ಮೀನು ನಿಲ್ಲುವುದಿಲ್ಲ. ನೇರವಾಗಿ ಇಳಿದದ್ದನ್ನು ತುಟಿಗಳ ನಡುವೆ ಎಳೆದು ತರಿ ಇದೆಯೇ ಎಂದು ನೋಡುತ್ತಿದ್ದ. ಬೆರಳು ಬಿಟ್ಟುಬಿಡುವ ತರಿಯನ್ನು ತುಟಿ ಬಿಡುವುದಿಲ್ಲ. ಆಮೇಲಿನ ಗಂಟು ಉಸ್ತಿನ್ಯಾಳದು, ಏಕೆಂದರೆ ಅವನಿಗೆ ಹತ್ತಿರದ್ದು ಮಂಜುಮಂಜು. ಸುತ್ತು ಹಾಕಿ, ಎಳೆಯುವ ಮುಂಚೆ ಗಂಟನ್ನು ಬಾಯಿಗಿಟ್ಟು ಒದ್ದೆ ಮಾಡುತ್ತಿದ್ದಳು. ಒಣಗಂಟು ಎಳೆದರೆ ನೈಲಾನು ತನ್ನ ಉಜ್ಜಾಟಕ್ಕೆ ತಾನೇ ಸುಡುತ್ತದೆ. "ಈ ಸರೋವರದ ಮೀನೆಲ್ಲ ನನ್ನ ಎಂಜಲು ತಿಂದು ಸಾಯೋವೇ" ಎಂದು ನಗುತ್ತಿದ್ದಳು.

ಈ ವರ್ಷ ಸರೋವರ ಹೆಪ್ಪುಗಟ್ಟಿತು. ದಾರ ಬದಲಾಗಲಿಲ್ಲ.

ಶನಿವಾರ ಅವಳ ಆರು ತಿಂಗಳ ಸ್ಮರಣೆಯ ಊಟ. ಊಟಕ್ಕೆ ಮೀನಿನ ಕಡುಬು ಆಗಬೇಕು, ಆ ಮೀನು ಅವಳು ಹಾಕಿದ ಗಂಟಿಗೇ ಬರಬೇಕು ಎಂದು ಲವ್ರೆಂತಿ ಮನಸ್ಸಿನಲ್ಲಿ ಹಟ ಹಿಡಿದಿದ್ದ. ಅದನ್ನು ಅನ್ಫೀಸಾಳಿಗೆ ಮಾತ್ರ ಹೇಳಿದ್ದ. ಎಲ್ಲದಕ್ಕೂ ನಗುವ ಅವಳು ಅದಕ್ಕೆ ನಕ್ಕಿರಲಿಲ್ಲ.

"ಭಾವ, ಅಕ್ಕ ಇದ್ದಿದ್ರೆ ಆ ಹಳೇ ದಾರಾನ ತಾನೇ ಕಿತ್ತು ಎಸೆದಿರೋಳು."

"ಇದ್ದಿದ್ರೆ," ಎಂದ ಲವ್ರೆಂತಿ.

ಅವಳು ರೀಲನ್ನು ಎತ್ತಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ಸರೋವರದಲ್ಲಿ ಅವನು ಗಾಳ ಇಳಿಸುವ ತೂತು ಕೊರೆಯಲು ಮಂಜುಗಡ್ಡೆಯ ಮೇಲೆ ಬೈರಿಗೆ ಇಟ್ಟು ತಿರುಗಿಸುತ್ತಿದ್ದಾಗ ಹಿಂದಿನಿಂದ ಜಾರುಬಂಡಿಯ ಸದ್ದು ಕೇಳಿತು. ಅನ್ಫೀಸಾ ತನ್ನ ಕೋಲು, ಚಹಾದ ಫ್ಲಾಸ್ಕು ಎಲ್ಲ ಕಟ್ಟಿಕೊಂಡು ಬಂದಿದ್ದಳು.

"ನಿನ್ನ ಬಾಯಿ ಸದ್ದಿಗೆ ಮೀನು ಆಚೆ ದಡ ಸೇರ್ಕೊಳ್ತವೆ," ಎಂದ.

"ಸೇರ್ಕೊಳ್ಳಿ ಬಿಡಿ. ನಿಮ್ಮ ಮುಖ ನೋಡಿ ಸಾಯೋದಕ್ಕಿಂತ ವಾಸಿ."

ಅವಳು ಪಕ್ಕದಲ್ಲೇ ಇನ್ನೊಂದು ತೂತು ಕೊರೆದು, ತೇಲುವ ಚೂರುಗಳನ್ನು ಜಾಲರಿ ಸೌಟಿನಿಂದ ತೆಗೆದು ಕೂತಳು. ಬಲು ಬೇಗ ಅವಳಿಗೆ ಪಟ್ಟೆಪಟ್ಟೆಯ ಪರ್ಚ್ ಮೀನುಗಳು ಸಿಕ್ಕತೊಡಗಿದವು. ಒಂದೊಂದನ್ನೂ ಹಿಮದ ಮೇಲೆ ಎಸೆದು, ಮಾತಿಲ್ಲದೆ, ಅವನ ಕಡೆ ಹುಬ್ಬು ಹಾರಿಸಿದಳು.

ಲವ್ರೆಂತಿ ತನ್ನ ದಾರ ಬಿಚ್ಚಿದ. ಅದು ಸುರುಳಿಸುರುಳಿಯಾಗಿಯೇ ನಿಂತಿತು. ಎರಡೂ ಕೈಯಲ್ಲಿ ಹಿಡಿದು ಎಳೆದು ನೇರ ಮಾಡಿದ. ಬೆರಳಿಗೆ ಒರಟೆನಿಸಿತು. ಬಣ್ಣವೂ ಕೊಂಚ ಬಿಳಿಚಿದಂತಿತ್ತು. ಚಳಿಗೆ ಹಾಗಾಗಿದೆ ಎಂದುಕೊಂಡ. ತುಟಿಗಳ ನಡುವೆ ಎಳೆದು ನೋಡಿದ್ದರೆ ಗೊತ್ತಾಗಿಬಿಡುತ್ತಿತ್ತು. ಗೊತ್ತಾಗಿಬಿಡುತ್ತದೆ ಎಂದೇ ಅವನು ನೋಡಲಿಲ್ಲ. ತುದಿಗೆ ಕಟ್ಟಿದ್ದ, ಮೀನನ್ನು ಸೆಳೆಯುವ ಕೊಕ್ಕೆಯ ಹಿತ್ತಾಳೆಯ ಪುಟ್ಟ ಮೀನನ್ನೂ, ಅದರ ಮೇಲಿನ ಸಾಸಿವೆ ಕಾಳಿನಷ್ಟು ಗಂಟನ್ನೂ ಹೆಬ್ಬೆರಳಿನಿಂದ ಒಮ್ಮೆ ಸವರಿ ನೀರಿಗೆ ಬಿಟ್ಟ.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೋಲು ಬಾಗಿತು. ಪರ್ಚ್ ಆದರೆ ಪಟಪಟ ಒದರುತ್ತದೆ. ಇದು ಹಾಗಲ್ಲ, ಭಾರವಾಗಿ, ನಿಧಾನವಾಗಿ ತಲೆ ಅಲ್ಲಾಡಿಸಿತು.

"ಸುದಾಕ್," ಎಂದ ಪಿಸುಮಾತಿನಲ್ಲಿ. ಕಡುಬಿಗೆ ಅದೊಂದೇ ಸಾಕು, ಅಷ್ಟು ದೊಡ್ಡ ಜಾತಿಯ ಮೀನು.

"ನಿಧಾನ ಭಾವ. ಬಿಟ್ಟು ಹಿಡೀರಿ."

ಅವನು ಕೋಲು ಬಿಟ್ಟು ದಾರವನ್ನೇ ಕೈಗೆ ತೆಗೆದುಕೊಂಡು ಮೊಳಮೊಳವಾಗಿ ಎಳೆದ. ಮೀನು ತೂತಿನ ಬಾಯಿಗೆ ಬಂದು ಬೆಳಕು ಕಂಡು ತಿರುಗಿತು. ಒಳ್ಳೆಯ ದಾರ ಅಂಥ ಹೊತ್ತಿನಲ್ಲಿ ಸ್ವಲ್ಪ ಹಿಗ್ಗಿ ಕೊಡುತ್ತದೆ. ಇದು ಹಿಗ್ಗಲಿಲ್ಲ. ಈರುಳ್ಳಿ ಸಿಪ್ಪೆ ಮುರಿದಷ್ಟೇ ಸದ್ದಾಯಿತು. ಕೈ ಹಗುರವಾಯಿತು.

ಲವ್ರೆಂತಿ ನೀರನ್ನೇ ನೋಡುತ್ತ ಮಂಡಿಯೂರಿದ್ದ. ಅನ್ಫೀಸಾ ಬಂದು ದಾರದ ತುದಿಯನ್ನು ಹಿಡಿದು ಕಣ್ಣಿನ ಹತ್ತಿರ ತಂದಳು. ಗಂಟು ಜಾರಿದ್ದರೆ ತುದಿ ಹಂದಿಯ ಬಾಲದಂತೆ ಸುತ್ತಿಕೊಂಡಿರುತ್ತದೆ. ಇದು ಕತ್ತರಿಸಿದಂತೆ ನೆಟ್ಟಗಿತ್ತು.

"ಗಂಟು ಬಿಚ್ಚಿಲ್ಲ ಭಾವ. ಅದಕ್ಕಿಂತ ಮೇಲೇ ಮುರಿದಿದೆ."

ಅವಳು ಆ ತುದಿಯನ್ನು ಬೆರಳಿಗೆ ಸುತ್ತಿ ಎಳೆದಳು. ಮತ್ತೆ ಮುರಿಯಿತು. ಇನ್ನೊಮ್ಮೆ ಎಳೆದಳು. ಒಣ ಶಾವಿಗೆಯಂತೆ ಮುರಿಯುತ್ತಲೇ ಹೋಯಿತು.

"ಅಕ್ಕ ಇದನ್ನ ಎಲ್ಲಿಡ್ತಿದ್ಲು?"

"ಹಿತ್ತಿಲ ಕೊಟ್ಟಿಗೇಲಿ. ತನ್ನ ಹಳೇ ತಲೆವಸ್ತ್ರದಲ್ಲಿ ಸುತ್ತಿ."

ಕೊಟ್ಟಿಗೆಯಲ್ಲಿ ಕತ್ತಲಿತ್ತು, ತಂಪಿತ್ತು, ಸ್ವಲ್ಪ ತೇವವೂ ಇತ್ತು. ನೈಲಾನಿಗೂ ಒಂದಿಷ್ಟು ತೇವ ಬೇಕು. ಅದರಿಂದಲೇ ಅದು ಮೆದುವಾಗಿರುತ್ತದೆ. ಒಲೆಯ ಕಾವು ತಿಂಗಳುಗಟ್ಟಲೆ ಅದನ್ನು ಹೀರಿತ್ತು. ಉಳಿದದ್ದನ್ನು ಕಿಟಕಿಯ ಬಿಸಿಲು ಮುಗಿಸಿತ್ತು. ಇದು ಗೊತ್ತಿಲ್ಲದ ಮೀನುಗಾರ ಆ ಊರಿನಲ್ಲಿ ಇರಲಿಲ್ಲ. ಅವನಿಗೂ ಗೊತ್ತಿತ್ತು.

"ಮತ್ಯಾಕೆ ಒಲೆ ಹತ್ರ ತಂದಿಟ್ರಿ?"

"ಮಲಗಿದ್ರೆ ಕಾಣ್ಲಿ ಅಂತ," ಎಂದ ಲವ್ರೆಂತಿ. ಮುರಿದ ಚೂರೊಂದನ್ನು ಎತ್ತಿಕೊಂಡು, "ನಾನೇ ಒಣಗಿಸ್ದೆ ಅನ್ಫೀಸಾ," ಎಂದ.

ಅನ್ಫೀಸಾ ಕೈಗವಸಿನಿಂದ ಮೂಗು ಒರೆಸಿಕೊಂಡು, ಕೋಟಿನ ಒಳಜೇಬಿನಿಂದ ಆ ರೀಲನ್ನು ತೆಗೆದಳು. ಮೈಯ ಶಾಖಕ್ಕೆ ಬೆಚ್ಚಗಿತ್ತು.

"ಹಿಡ್ಕೊಳ್ಳಿ."

ಅವನು ಹಿಡಿದುಕೊಂಡ. ಅವಳು ಹಳೆಯ ದಾರವನ್ನೆಲ್ಲ ತೆಗೆದು ಕಾಗದದಲ್ಲಿ ಮಡಚಿ ಅವನ ಜೇಬಿಗೆ ಹಾಕಿ, ಹೊಸದನ್ನು ಸುತ್ತಿದಳು. ದಾರ ಅವನ ಬೆರಳುಗಳ ನಡುವೆ ನುಣ್ಣಗೆ, ನೇರವಾಗಿ ಓಡಿತು. ಒಳ್ಳೆಯ ದಾರವೇ. ಅದು ಒಳ್ಳೆಯದಾಗಿದ್ದದ್ದು ಅವನಿಗೆ ಇನ್ನಷ್ಟು ನೋವು ಕೊಟ್ಟಿತು.

ತನ್ನ ಡಬ್ಬಿಯಿಂದ ಬೇರೊಂದು ಹಿತ್ತಾಳೆ ಮೀನು ತೆಗೆದು ಅವಳು ಸುತ್ತು ಹಾಕಿದಳು. "ಅಕ್ಕನ ಥರ ಬರಲ್ಲ ನಂಗೆ."

"ಹಾಕು."

ಎಳೆಯುವ ಮುಂಚೆ ನಿಲ್ಲಿಸಿ ಅವನ ಮುಖದ ಹತ್ತಿರ ಹಿಡಿದಳು. "ನನ್ನ ಬಾಯಿ ಒಣಗಿದೆ. ನೀವೇ ಒದ್ದೆ ಮಾಡಿ."

ಅವನು ಬಗ್ಗಿ ಗಂಟನ್ನು ತುಟಿಗಳ ನಡುವೆ ತೆಗೆದುಕೊಂಡ. ಇಷ್ಟು ವರ್ಷದಲ್ಲಿ ಇದನ್ನು ಅವನು ಮಾಡಿದ್ದು ಮೊದಲ ಸಲ. ಯಾವ ರುಚಿಯೂ ಇರಲಿಲ್ಲ. ಅವಳು ಎಳೆದಳು, ಗಂಟು ಕೂತಿತು.

ಸುದಾಕ್ ಮತ್ತೆ ಬರಲಿಲ್ಲ. ಒಂದಿಷ್ಟು ಪರ್ಚ್ ಸಿಕ್ಕವು, ಅವಳವೂ ಸೇರಿದರೆ ಕಡುಬಿಗೆ ಸಾಲುವಷ್ಟು. ಉಸ್ತಿನ್ಯಾಳ ಗಂಟು ಬಿಚ್ಚದೆ, ಆ ಸುದಾಕಿನ ಬಾಯಲ್ಲೇ, ಕಾಲಡಿಯ ಕತ್ತಲ ನೀರಿನಲ್ಲಿ ಎಲ್ಲೋ ಓಡಾಡುತ್ತಿತ್ತು. ಅವನಿಗೆ ಅದೇ ಯೋಚನೆ. ಅನ್ಫೀಸಾ ದಾರಿಯುದ್ದಕ್ಕೂ ಕಡುಬಿನ ಹಿಟ್ಟಿನ ಬಗ್ಗೆ ಮಾತಾಡಿದಳು. ಅವನು ಹೂಂಗುಟ್ಟಿದ.

ಮನೆ ಸೇರಿ, ದೀಪ ಹಚ್ಚುವ ಮುಂಚೆ ಹಿತ್ತಿಲಿಗೆ ಹೋದ. ತಲೆವಸ್ತ್ರ ಕೊಟ್ಟಿಗೆಯ ಮೊಳೆಯಲ್ಲೇ ಇತ್ತು, ಮಡಿಕೆ ಕೆಡದಂತೆ. ಕೋಲನ್ನು ಅದರಲ್ಲಿ ಸುತ್ತಿ, ಕತ್ತಲಲ್ಲಿ ತಡಕಿ ಅದೇ ಮೊಳೆಗೆ ನೇತುಹಾಕಿ, ಬಾಗಿಲೆಳೆದುಕೊಂಡು ಬಂದ.

ಒಲೆಯ ಪಕ್ಕದ ಗೋಡೆಯಲ್ಲಿ ಜಾಗ ಖಾಲಿಯಿತ್ತು. ಒಂದು ಈರುಳ್ಳಿ ಜಡೆಯನ್ನು ಅಲ್ಲಿಗೆ ಸರಿಸಿದ. ನೋಡಿದ. ಮತ್ತೆ ಅದರ ಜಾಗಕ್ಕೇ ಸರಿಸಿ, ಮಲಗಲು ಹೋದ.