ಪೈಪಿನ ಮೇಲೆ ಎರಡು ಏಟು

ಸೀಳಿದ ಬಿದಿರಿನ ತುದಿಗೆ ತೆಂಗಿನ ನಾರು ಸುತ್ತಿ, ಅದರ ಮೇಲೆ ಹಳೆಯ ಲುಂಗಿಯ ಚೂರು ಬಿಗಿದು, ಹಲ್ಲಿನಿಂದ ಗಂಟು ಎಳೆದೆ. ಅಪ್ಪ ಕೈ ಚಾಚಿದ. ಕೊಟ್ಟೆ. ಹಿತ್ತಿಲ ಸಂದಿಯಲ್ಲಿ ನಾವು ಮಾತಾಡುವುದು ಕಡಿಮೆ. ನಮ್ಮ ದನಿ ಅಡುಗೆಮನೆಯೊಳಕ್ಕೆ ಹೋಗಬಾರದು.

ಕುಂಭಕೋಣದ ಆ ಬೀದಿಯಲ್ಲಿ, ಮನೆಗಳ ಮುಂದೆ ರಂಗೋಲಿ ಇರುವ ಕಡೆ ನಾನು ಒಮ್ಮೆಯೂ ನಿಂತಿಲ್ಲ.

ಧರ್ಮಾಂಬಾಳ್ ಅಮ್ಮನ ಅಡುಗೆಮನೆಯ ಸಿಂಕು ಮೂರು ದಿನದಿಂದ ಕಟ್ಟಿಕೊಂಡಿತ್ತು. ಕಟ್ಟಿದ್ದು ಒಳಗೆ, ಸಿಂಕಿನ ಬುಡದಲ್ಲೇ. ಒಳಗೆ ಹೋಗಿ ಪೈಪು ಬಿಚ್ಚಿದರೆ ಐದು ನಿಮಿಷದ ಕೆಲಸ. ನಾವು ಒಳಗೆ ಹೋಗುವ ಹಾಗಿಲ್ಲ. ಅದಕ್ಕೇ ಅಪ್ಪ ಹಿಂದಿನ ಗುಂಡಿಗೆ ಎದೆಮಟ್ಟ ಇಳಿದು, ಪೈಪಿನ ಬಾಯಿಗೆ ಮುಖ ಕೊಟ್ಟು, ಹತ್ತಡಿ ಬಿದಿರು ತಳ್ಳಬೇಕು. ಪೈಪಿನ ಮೇಲೆ ಕಲ್ಲಿನಿಂದ ಎರಡು ಏಟು ಹಾಕಿದರೆ ಒಳಗಿನವರು ನೀರು ಸುರಿಯುತ್ತಾರೆ.

ಅಪ್ಪನಿಗೆ ಇದ್ದದ್ದು ಬಲಗಣ್ಣು ಒಂದೇ. ಎಡಗಣ್ಣು ಹೋದ ವರ್ಷ ಬೇರೊಂದು ಮನೆಯ ಗುಂಡಿಯಲ್ಲಿ ಹೋಯಿತು. ಕಟ್ಟಿದ ಪೈಪಿಗೆ ಅಂಗಡಿಯ ಸುಡುವ ಪುಡಿ ಸುರಿದಿದ್ದರು, ಹೇಳಿರಲಿಲ್ಲ. ಅಂದಿನಿಂದ ಒಂದು ಮಾತು ಕೇಳದೆ ಅವನು ಇಳಿಯುತ್ತಿರಲಿಲ್ಲ.

"ಅಮ್ಮಾ, ಒಳೀಕೆ ಪುಡಿ ಗಿಡಿ ಏನಾರ ಹಾಕಿದ್ರಾ?"

ಕಿಟಕಿಯ ಸರಳಿನ ಹಿಂದೆ ಧರ್ಮಾಂಬಾಳ್ ಅಮ್ಮನ ಮೂಗುತಿ ಹೊಳೆಯಿತು.

"ನನ್ನನ್ನೇ ವಿಚಾರಣೆ ಮಾಡ್ತೀಯೇನೋ? ದೊಡ್ಡ ಕಲೆಕ್ಟರು! ಗಂಜಿ, ಕಾಫಿ ಚರಟ, ಅಷ್ಟೇ. ಇಳಿಯೋ."

"ಚರಟ ಹಾಕ್ಬ್ಯಾಡಿ ಅಂತ ಹೋದ ಸಲಾನೂ ಹೇಳಿದ್ನಲ್ಲವ್ವಾ. ಎಣ್ಣೆ ಜಿಡ್ಡಿಗೆ ಅಂಟ್ಕಂಡು ಕಲ್ಲಾಗೋಯ್ತದೆ. ತೂತಿನ ಮೇಲೆ ಇಡಾಕೆ ತಗಡಿನ ಜಾಲರಿ ಮಾಡಿಕೊಟ್ಟಿದ್ದೆ..."

"ನೀನು ಮುಟ್ಟಿದ್ದನ್ನ ನಾನು ಪಾತ್ರೆ ತೊಳೆಯೋ ಕಡೆ ಇಟ್ಕೋಬೇಕಾ? ಬೆಳಗ್ಗೆ ಬೆಳಗ್ಗೇನೇ ಏರಿಸ್ಕೊಂಡು ಬಂದಿದೀಯಾ?"

ಜಾಲರಿ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಡಬ್ಬದ ತಳಕ್ಕೆ ಅಪ್ಪ ಒಂದು ಭಾನುವಾರವೆಲ್ಲ ಮೊಳೆ ಹೊಡೆದು ಮಾಡಿದ್ದು ಅದೇ ಸಂದಿಯ ಕಸದಲ್ಲಿ ತುಕ್ಕು ಹಿಡಿಯುತ್ತಿತ್ತು. ಅಪ್ಪ ಗುಂಡಿಗೆ ಇಳಿದು ಬಿದಿರು ತಳ್ಳತೊಡಗಿದ.

ಧರ್ಮಾಂಬಾಳ್ ಅಮ್ಮನ ಮಗ ನಟೇಶನ್ ಕಾಫಿ ಲೋಟ ಹಿಡಿದು ಹಿತ್ತಿಲ ಬಾಗಿಲಿಗೆ ಬಂದ.

"ಏನೋ ಸಡೈಯಾ, ಹೆಗ್ಗಣದ ಮನೇಲಿ ಹೆಣ್ಣು ನೋಡ್ತಿದೀಯಾ? ಈಚೆಗೇ ಬರ್ತಿಲ್ಲ!"

ಅಪ್ಪ ನಕ್ಕ. ನಗಬೇಕು.

"ನಿನ್ನ ಮಗಳನ್ನ ಇಳಿಸೋ. ಕಡ್ಡಿ ಹಾಗಿದಾಳೆ, ಪೈಪಲ್ಲೇ ತೂರ್ತಾಳೆ."

ನಾನು ನೆಲ ನೋಡಿದೆ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಪೊರಕೆ ಕೊಟ್ಟು ಕಕ್ಕಸು ತೋರಿಸಿದ ದಿನವೂ ನೆಲವನ್ನೇ ನೋಡಿದ್ದೆ. ಮರುದಿನದಿಂದ ಶಾಲೆಗೆ ಹೋಗಲಿಲ್ಲ.

ಬಿದಿರು ಗಟ್ಟಿಯಾದ ಏನಕ್ಕೋ ತಾಗಿತು. ಅಪ್ಪ ಮೂರು ಸಲ ಗುದ್ದಿದ. ಪೈಪಿನ ಮೇಲೆ ಎರಡು ಏಟು ಹಾಕಿದ. ಒಳಗೆ ಕೊಡ ಬಗ್ಗಿಸಿದ ಸದ್ದಾಯಿತು.

ಕಟ್ಟಿದ್ದು ಒಮ್ಮೆಲೇ ಬಿಟ್ಟಿತು. ಬಿಳಿ ನೊರೆ ಹೊಗೆಯಾಡುತ್ತ ಅಪ್ಪನ ಮುಖಕ್ಕೆ ಬಡಿಯಿತು.

"ಹೋಯ್ತು ಕಣೋ ನಟೇಶಾ! ಗುಳುಗುಳು ಅಂತ ಹೋಯ್ತು!" ಒಳಗೆ ಅಮ್ಮ ಸಂತೋಷದಿಂದ ಕೂಗಿದಳು.

ಅಪ್ಪ ಬೊಗಸೆಯಲ್ಲಿ ಗುಂಡಿಯ ನೀರನ್ನೇ ತುಂಬಿ ಕಣ್ಣಿಗೆ ಹಾಕಿಕೊಂಡ. ಅದೂ ಅದೇ ನೀರು.

"ಪುಡಿ! ಪುಡಿ ಹಾಕವ್ರೆ ಕಣವ್ವಾ ಪೇಚೀ! ಕಣ್ಣು... ನೀರ್ ಹುಯ್ಯವ್ವಾ!" ಅಪ್ಪ ನನ್ನ ಹೆಸರು ಹಿಡಿದು ಕೂಗಿದ.

ನಟೇಶನ್ ಒಳಕ್ಕೆ ತಿರುಗಿದ. "ಪುಡಿ ಹಾಕಿದ್ಯೇನಮ್ಮಾ?"

"ನಿನ್ನೆ ಒಂದು ಡಬ್ಬ ಹಾಕಿದ್ದೆ. ಏನೂ ಆಗ್ಲಿಲ್ಲ. ಹೇಳಿದ್ರೆ ಈ ಮುಂಡೇದು ಇಳೀತಿತ್ತಾ?"

"ಇವನಿಗೆ ನೀರು ಬೇಕಂತೆ."

"ಆ ಚೊಂಬು ಬೇಡ! ಬಣ್ಣದ ಹಳೇ ಡಬ್ಬ ಒಂದಿತ್ತು, ಅಟ್ಟದ ಮೇಲೆ ನೋಡು. ಎತ್ತಿ ಹುಯ್ಯೋಣ."

ಅವರು ಡಬ್ಬ ಹುಡುಕಿದರು. ಏಣಿ ಎಳೆದ ಸದ್ದು ಕೇಳಿತು. ಅಪ್ಪ ಹಣೆಯನ್ನು ಗುಂಡಿಯ ಗೋಡೆಗೆ ಚಚ್ಚಿಕೊಳ್ಳುತ್ತಿದ್ದ.

ನಾನು ಅವನ ಕಂಕುಳಿಗೆ ಕೈಕೊಟ್ಟು ಮೇಲೆಳೆದೆ. ಹಿತ್ತಿಲ ಬಾಗಿಲ ಮೆಟ್ಟಿಲು ಹತ್ತಿಸಿದೆ. ನಟೇಶನ್ ಓಡಿ ಬಂದು ಬಾಗಿಲಿಗೆ ಅಡ್ಡ ಕೈ ಚಾಚಿದ. "ಏಯ್, ಎಲ್ಲಿಗೇ ಬರ್ತೀಯ, ಸೂಳೆಮಗಳೇ?" ಅಪ್ಪನ ಮೈಯಿಂದ ತೊಟ್ಟಿಕ್ಕುವುದನ್ನು ಕಂಡ. ಕೈ ತಾನಾಗಿಯೇ ಹಿಂದಕ್ಕೆ ಹೋಯಿತು. ನಾವು ಮುಂದೆ ಹೋದಷ್ಟೂ ಅವನು ಗೋಡೆಗೆ ಅಂಟಿಕೊಂಡ.

ಅಡುಗೆಮನೆಯ ನೆಲ ತಣ್ಣಗಿತ್ತು. ಅಪ್ಪನ ತಲೆಯನ್ನು ಸಿಂಕಿನೊಳಕ್ಕೆ ಬಗ್ಗಿಸಿ ನಲ್ಲಿ ತಿರುಗಿಸಿದೆ. ಕಣ್ಣಿನ ಮೇಲೆ ಬಿದ್ದ ನೀರು ಎಲ್ಲೂ ನಿಲ್ಲದೆ, ಅವನೇ ಬಿಡಿಸಿದ ಪೈಪಿನೊಳಗೆ ಹರಿದುಹೋಗುತ್ತಿತ್ತು.

"ಹಾಳಾಯ್ತು! ಅಯ್ಯೋ, ನೈವೇದ್ಯದ ಅಕ್ಕಿ ಅಲ್ಲೇ ಇದೆಯೋ!" ಅಮ್ಮ ಬಾಯಿ ಬಡಿದುಕೊಳ್ಳುತ್ತಿದ್ದಳು.

ಬಹಳ ಹೊತ್ತಾದ ಮೇಲೆ ಅಪ್ಪ ತಲೆ ಎತ್ತಿದ. ಬಲಗಣ್ಣು ಬೇಯಿಸಿದ ಮೊಟ್ಟೆಯ ಹಾಗಿತ್ತು. ಕಿಟಕಿಯಿಂದ ಬಿಸಿಲು ನೇರ ಅವನ ಮುಖಕ್ಕೆ ಬೀಳುತ್ತಿತ್ತು.

"ಮೋಡ ಆಯ್ತಾ ಪೇಚೀ?" ಎಂದ.

ನಾನು ತಿರುಗಿದೆ. ಅಮ್ಮ ನನ್ನ ಹೆಜ್ಜೆ ಗುರುತುಗಳನ್ನು ನೋಡುತ್ತಿದ್ದಳು. ನಟೇಶನ್ ಕೈಯಲ್ಲಿ ಫೋನಿತ್ತು. ಆ ಮನೆಯಲ್ಲಿ ಅಲ್ಲಿಯವರೆಗೆ ನಾನು ಬಾಯಿ ಬಿಟ್ಟಿರಲಿಲ್ಲ.

"ಅಯ್ಯಾ, ಒಂದು ಆಟೋ ಕರೀರಿ."

ನಲ್ಲಿ ಸುರಿಯುತ್ತಲೇ ಇತ್ತು.

"ಆಸ್ಪತ್ರೆಗೆ. ಒಂದು ಆಟೋ ಕರೀರಿ."