ಏಳನೆಯ ನಿಯಮ

ಐವತ್ತೆರಡನೆಯ ವಯಸ್ಸಿನಲ್ಲಿ ಸೊರಾರಿಟಿ ಕಟ್ಟಲು ಹೊರಟ ಲೀಲಾವತಿಗೆ ತಲೆ ಕೆಟ್ಟಿದೆ ಎಂದು ಡಲ್ಲಾಸ್ ಪಕ್ಕದ ಯೂಲೆಸ್‌ನ ಕನ್ನಡದವರಲ್ಲಿ ಅರ್ಧ ಜನ ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ಅವರಪ್ಪನ ಮನೆಯ ಗಂಟೇನು ಹೋಗುತ್ತಿತ್ತು? ಗಂಡ ಚಂದ್ರಮೋಹನ ತೀರಿಕೊಂಡ ವರ್ಷವೇ ಅವಳು ಡಲ್ಲಾಸ್‌ನ ಹೆಂಗಸರ ಕಾಲೇಜಿನಲ್ಲಿ ನರ್ಸಿಂಗ್ ಓದಲು ಸೇರಿದಾಗಲೂ ಇದೇ ಜನ ಮೂಗು ಮುರಿದಿದ್ದರು.

ಸೊರಾರಿಟಿ ಎಂದರೆ ಓದುವ ಹುಡುಗಿಯರು ಅಕ್ಕತಂಗಿಯರಂತೆ ಇರುತ್ತೇವೆಂದು ಒಪ್ಪಿ ಕಟ್ಟಿಕೊಳ್ಳುವ ಕೂಟ. ಆ ಕಾಲೇಜಿನಲ್ಲಿ ಹಳೆಯವು ಎರಡಿದ್ದವು, ಎರಡಕ್ಕೂ ಸ್ವಂತ ಕೋಣೆಯಿತ್ತು. ಹೋದ ಆಗಸ್ಟ್‌ನಲ್ಲಿ ಒಂದು ಕೂಟದವರ ಟೀ ಪಾರ್ಟಿಗೆ ಲೀಲಾವತಿ ರೇಷ್ಮೆ ಸೀರೆ ಉಟ್ಟು ಹೋದಾಗ, ಬಾಗಿಲಲ್ಲಿದ್ದ ಹುಡುಗಿ ನಗುನಗುತ್ತಾ, ನೀವು ಯಾರ ಅಮ್ಮ ಎಂದು ಕೇಳಿದಳು. ಲೀಲಾವತಿಗೆ ಮೈಯೆಲ್ಲ ಉರಿದುಹೋಯಿತು. ಅವಳಂತೆ ಮನೆಯಿಂದ ಬಂದುಹೋಗಿ ಓದುವ ನಡುವಯಸ್ಸಿನ ಹೆಂಗಸರು ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಎಸಿ ಹಾಕಿಕೊಂಡು, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಊಟ ಮಾಡುತ್ತಿದ್ದರು. ನಮಗೂ ಒಂದು ಕೋಣೆ ಬೇಕು, ಒಂದು ಹೆಸರು ಬೇಕು ಎಂದು ಅವಳು ಅವತ್ತೇ ಹಟಕ್ಕೆ ಬಿದ್ದಳು.

ಹೊಸ ಕೂಟಕ್ಕೆ ಹತ್ತು ಜನ ಬೇಕು. ಶುಕ್ರವಾರ ಹನ್ನೆರಡು ಗಂಟೆಯೊಳಗೆ ಹತ್ತೂ ಜನ ಕಾಲೇಜಿನ ಮಂಡಳಿಯ ಎದುರು ಸಹಿ ಹಾಕಬೇಕು, ತಪ್ಪಿದರೆ ಮುಂದಿನ ವರ್ಷ. ಲೀಲಾವತಿಯ ಓದು ಮೇ ತಿಂಗಳಿಗೇ ಮುಗಿಯುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಕಾಲೇಜಿನ ದಾರಿಯಲ್ಲಿ ಆಸ್ಟಿನ್‌ನಿಂದ ಮಗಳು ಹರ್ಷಿಣಿಯ ಫೋನು.

“ಅಮ್ಮಾ, ಸೀರಿಯಸ್ಲಿ? ಸೊರಾರಿಟಿ? ನನ್ ಫ್ರೆಂಡ್ಸ್ ಏನ್ ಅಂದ್ಕೊಳ್ಳಲ್ಲ?”

“ನಿನ್ ಫ್ರೆಂಡ್ಸ್ ಏನಾದ್ರೂ ಅಂದ್ಕೊಳ್ಳಲಿ, ನಾನು ಕ್ಯಾರೇ ಅನ್ನಲ್ಲ ಕಣೇ. ಡ್ರೈವ್ ಮಾಡ್ತಿದೀನಿ, ಫೋನ್ ಇಡು.”

ಹನ್ನೊಂದಕ್ಕೆ ಮಂಡಳಿಯ ಕೋಣೆಯಲ್ಲಿ ಒಂಬತ್ತು ಜನ ಬಂದು ಕುಳಿತಾಗಿತ್ತು. ಹತ್ತನೆಯವಳು ಪ್ರೇಮಾ, ಅದೇ ಕಾಲೇಜಿನ ಹ್ಯೂಸ್ಟನ್ ಶಾಖೆಯಲ್ಲಿ ಓದುವವಳು. ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಿಂದ ಏಳಕ್ಕೇ ಹೊರಟಿದ್ದವಳು ಹೈವೇಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಳು.

ಮಂಡಳಿಯ ಕಾರ್ಯದರ್ಶಿ ಸಿಯಾ, ಹ್ಯೂಸ್ಟನ್ ಕಡೆಯ ಕೇಟಿ ಎಂಬ ಊರಿನ ಕನ್ನಡದ ಮನೆಯ ಹುಡುಗಿ, ಇಪ್ಪತ್ತು ವರ್ಷ. ಲೀಲಾವತಿ ಬರೆದುಕೊಟ್ಟಿದ್ದ ನಿಯಮಗಳನ್ನು ಗಟ್ಟಿಯಾಗಿ ಓದುತ್ತಾ ಬಂದವಳು ಏಳನೆಯದಕ್ಕೆ ನಿಂತಳು. ಹೊಸಬಳಿಗೆ ಕುಂಕುಮವಿಟ್ಟು ಕೂಟದ ಗುರುತಿನ ಪಿನ್ ಚುಚ್ಚುವವಳು ಗಂಡ ಬದುಕಿರುವ ಮುತ್ತೈದೆಯೇ ಆಗಿರಬೇಕು ಎಂದು ಅಲ್ಲಿತ್ತು.

ಸಿಯಾ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು, “ಆಂಟಿ, ಹೀಗಾದ್ರೆ ನಿಮ್ಮ ಕೂಟದಲ್ಲೇ ನೀವು ಯಾರಿಗೂ ಪಿನ್ ಹಾಕೋ ಹಾಗಿಲ್ಲ, ಅಲ್ವಾ?”

ಲೀಲಾವತಿ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ಆ ಸಾಲನ್ನು ಮತ್ತೆ ಓದಿದಳು. ಮೂವತ್ತು ವರ್ಷ ಅರಿಶಿನ ಕುಂಕುಮ ಕೊಟ್ಟು ತೆಗೆದುಕೊಂಡ ಕೈ, ಯೋಚನೆಯನ್ನೇ ಮಾಡದೆ ಅದನ್ನು ಟೈಪ್ ಮಾಡಿಬಿಟ್ಟಿತ್ತು. ಮೂರು ವರ್ಷದಿಂದ ವರಮಹಾಲಕ್ಷ್ಮಿಯ ದಿನ ಯೂಲೆಸ್‌ನ ಮನೆಗಳಲ್ಲಿ ಕುಂಕುಮದ ತಟ್ಟೆ ಪಕ್ಕದವಳವರೆಗೆ ಬಂದು, ಅವಳನ್ನು ದಾಟಿ ಮುಂದೆ ಹೋಗುತ್ತಿತ್ತು. ಕೊಡುವವರಿಗೆ ಮುಜುಗರವಾಗದಿರಲಿ ಎಂದು ಅವಳೇ ಎದ್ದು ಅಡುಗೆಮನೆಗೆ ಹೋಗಿ ಕೋಸಂಬರಿ ಕಲಸುತ್ತಿದ್ದಳು. ಅವರು ಮಾಡಿದ್ದನ್ನು ಈಗ ತನಗೆ ತಾನೇ ಮಾಡಿಕೊಂಡಿದ್ದಳು. ನಾಚಿಕೆಯಾಯಿತು. ಅದರ ಹಿಂದೆಯೇ ತನ್ನ ಮೇಲೇ ಕೆಟ್ಟ ಸಿಟ್ಟು ಬಂತು.

“ನಿಯಮ ಬದಲಾಯಿಸಿದ್ರೆ ಹತ್ತೂ ಜನ ಬದಲಾದ ಪ್ರತಿಗೇ ಸಹಿ ಹಾಕ್ಬೇಕು. ಇಪ್ಪತ್ತೈದು ನಿಮಿಷ ಇದೆ. ಮುಂದಿನ ವರ್ಷ ನಿಧಾನವಾಗಿ ಮಾಡಬಹುದಲ್ಲ?” ಎಂದಳು ಸಿಯಾ.

“ಮುಂದಿನ ವರ್ಷಕ್ಕೆ ನಾನಿರಲ್ಲ. ಪೆನ್ ಕೊಡಮ್ಮ ಇಲ್ಲಿ.”

ಲೀಲಾವತಿ ಏಳನೆಯ ನಿಯಮದ ಮೇಲೆ ಹಾಳೆ ಹರಿಯುವಷ್ಟು ಒತ್ತಿ ಗೀಟು ಎಳೆದಳು. ಯಾರು ಬೇಕಾದರೂ ಇಡಬಹುದು ಎಂದು ಪಕ್ಕದಲ್ಲಿ ಬರೆದು ಸಹಿ ಹಾಕಿದಳು. ಉಳಿದವರೂ ಒಬ್ಬೊಬ್ಬರಾಗಿ ಎದ್ದು ಬಂದು ಹಾಕಿದರು. ಆಮೇಲೆ ಎಲ್ಲರೂ ಬಾಗಿಲು ನೋಡುತ್ತಾ ಕುಳಿತರು.

ಹನ್ನೆರಡಕ್ಕೆ ಆರು ನಿಮಿಷ ಇರುವಾಗ ಪ್ರೇಮಾ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದಳು. ಇನ್ನೊಂದು ಕೈಯಲ್ಲಿ ಕುಂಕುಮದ ಭರಣಿ. ಅವಳ ಗಂಡ ನಾಗರಾಜ್ ಗಟ್ಟಿಮುಟ್ಟಾಗಿದ್ದ, ಹಾಗಾಗಿ ಎಲ್ಲರಿಗೂ ಕುಂಕುಮ ಇಡುವ ಕೆಲಸವನ್ನು ಲೀಲಾವತಿ ಅವಳಿಗೇ ವಹಿಸಿದ್ದಳು. ಪ್ರೇಮಾ ಗೀಟು ಎಳೆದ ಸಾಲು ನೋಡಿದಳು, ಲೀಲಾವತಿಯ ಬೋಳು ಹಣೆ ನೋಡಿದಳು, ಪೆನ್ ತೆಗೆದುಕೊಂಡು ಸಹಿ ಹಾಕಿದಳು. ಸಿಯಾ ಮೊಹರು ಒತ್ತಿದಳು.

ಒತ್ತಿದವಳು ತಲೆ ಎತ್ತಿ, ಈ ಸಲ ಮುರುಕು ಕನ್ನಡದಲ್ಲಿ ಕೇಳಿದಳು, “ಬಟ್ ಆಂಟಿ, ಯಾರಿಗೂ ಇನ್ನೂ ಪಿನ್ ಆಗಿಲ್ಲ. ಫಸ್ಟ್ ನಿಮ್ಗೆ ಯಾರು ಹಾಕೋದು?”

ಪ್ರೇಮಾ ರೂಢಿಯಂತೆ ಭರಣಿಯ ಮುಚ್ಚಳ ತೆಗೆದು ಬೆರಳು ಅದ್ದಲು ಹೋದಳು. ಲೀಲಾವತಿ ಭರಣಿಯನ್ನು ಅವಳ ಕೈಯಿಂದ ತೆಗೆದುಕೊಂಡಳು.

“ನಂದು ನಾನೇ ಇಟ್ಕೋತೀನಿ,” ಎಂದಳು. ಕನ್ನಡಿ ಇರಲಿಲ್ಲ. ಕಾಸಿನಗಲ ಕುಂಕುಮವನ್ನು ಅಂದಾಜಿನಲ್ಲೇ ಹಣೆಗೆ ಒತ್ತಿಕೊಂಡಳು, ಸೆರಗಿಗೆ ಪಿನ್ ಚುಚ್ಚಿಕೊಂಡಳು. ಆಮೇಲೆ ಅದೇ ಬೆರಳನ್ನು ಮತ್ತೆ ಅದ್ದಿ ಪ್ರೇಮಾಳ ಕಡೆ ತಿರುಗಿದಳು. “ಬಾ, ಈಗ ನಿನ್ ಹಣೆ ಕೊಡು.”