ಎದುರಿನವರ ಕೈ

ಪಟ್.

ಮಗಳು ಹಾಸಿಗೆಯ ಮೇಲೆ ಎದ್ದು ಕೂತು ಕಿವಿಗೊಟ್ಟಳು. ರಾತ್ರಿ ಒಂದೂವರೆ. ಬಟ್ಟೆ ಕೊಡವಿದ ಹಾಗೆ ಒಂದು ಸಣ್ಣ ಸದ್ದು, ಅದರ ಹಿಂದೆಯೇ ನೆಲ ಸವರುವ ಬರಿಗಾಲಿನ ಹೆಜ್ಜೆ. ಮೂರು ವಾರದಿಂದ ಪಕ್ಕದ ಕೋಣೆಯಿಂದ ಇದು ಕೇಳುತ್ತಿತ್ತು. ಅಮ್ಮನದೇ ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಅಮ್ಮನಿಗೆ ಹಳೆಯ ಕಾಯಿಲೆ ಮರಳಿದೆ, ನಿದ್ದೆಯಿಲ್ಲದೆ ಓಡಾಡುತ್ತಿದ್ದಾಳೆ ಎಂದುಕೊಂಡು, ಕೇಳಲು ಧೈರ್ಯವಾಗದೆ ಗೋಡೆಯ ಈಚೆ ಮಲಗಿರುತ್ತಿದ್ದಳು.

ಆದರೆ ಅಮ್ಮ ಹಿಂದಿನ ದಿನ ಬೆಳಗ್ಗೆ ತೀರಿಕೊಂಡಿದ್ದಳು. ಈ ಹೊತ್ತು ಆಸ್ಪತ್ರೆಯ ಶವಾಗಾರದಲ್ಲಿದ್ದಳು.

ಮಗಳು ಎದ್ದು ಹೋಗಿ ಪಕ್ಕದ ಕೋಣೆಯ ಬಾಗಿಲು ತಳ್ಳಿದಳು. ದೀಪವಿರಲಿಲ್ಲ. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದರು. ಕುರ್ಚಿಯ ಮೇಲೆ ಒಂದು ದೊಡ್ಡ ಬಿಳಿ ಹಾಸುಬಟ್ಟೆ ಅಡ್ಡಾದಿಡ್ಡಿ ಮಡಚಿಕೊಂಡು ಬಿದ್ದಿತ್ತು.

"ಅಪ್ಪ?"

"ಮಲ್ಕೋ ಹೋಗು. ಬೆಳಗ್ಗೆ ಬೇಗ ಏಳ್ಬೇಕು."

ಅದು ಅಮ್ಮ ಮಡಚಿದ್ದಲ್ಲ. ಅಮ್ಮನ ಮಡಿಕೆಯಲ್ಲಿ ಮೂಲೆಗೆ ಮೂಲೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಆದರೆ ಅದನ್ನು ಯೋಚಿಸುವಷ್ಟು ಜಾಗ ಮಗಳ ತಲೆಯಲ್ಲಿರಲಿಲ್ಲ. ಹಿಂತಿರುಗಿ ಬಂದು ದಿಂಬಿನ ಕೆಳಗೆ ಕೈ ಹಾಕಿ, ಕೈಚೀಲ ಅಲ್ಲೇ ಇದೆಯೇ ಎಂದು ಮುಟ್ಟಿ ನೋಡಿಕೊಂಡಳು.

*

ಬೆಳಗ್ಗೆ ಅಣ್ಣ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಲೇ ಕೇಳಿದ.

"ಡಾಕ್ಟ್ರು ಹಾರ್ಟು ಅಂದ್ರಲ್ಲ. ಒದ್ದಾಡದೆ ಹೋದ್ಲು, ಪುಣ್ಯವಂತೆ. ನೀನ್ಯಾಕೆ ಮೋರೆ ಹೀಗೆ ಮಾಡ್ಕೊಂಡಿದೀಯ?"

"ಅಮ್ಮ ಸತ್ತಿದಾಳೆ. ಇನ್ನು ಹೇಗೆ ಮಾಡ್ಕೋಬೇಕಿತ್ತು?"

"ಅದಲ್ವೇ. ಪರೀಕ್ಷೆ ರಿಸಲ್ಟಿಗೆ ಕಾಯೋರ ಥರ ಇದೀಯ."

ಅವಳು ಮುಖ ಆಚೆ ತಿರುಗಿಸಿದಳು. ನಿನ್ನೆ ಮಧ್ಯಾಹ್ನ, ಅಮ್ಮನಿಗೆ ತೊಡಿಸಬೇಕಾದ ರವಿಕೆಯ ಗುಂಡಿ ಕಿತ್ತುಹೋಗಿದೆ ಎಂದು ಹೊಲಿಗೆ ಪೆಟ್ಟಿಗೆ ತೆಗೆದಿದ್ದಳು. ನೂಲಿನುಂಡೆಗಳ ಕೆಳಗೆ ಎರಡು ಮಾತ್ರೆಯ ಪಟ್ಟಿಗಳು ಸಿಕ್ಕಿದ್ದವು. ಒಂದು ಪೂರ್ತಿ ಖಾಲಿ. ಇನ್ನೊಂದರಲ್ಲಿ ಆರು ಒಡೆದಿದ್ದವು. ಹೆಸರು ಓದುತ್ತಲೇ ಎರಡನ್ನೂ ಕೈಚೀಲಕ್ಕೆ ಹಾಕಿಕೊಂಡಿದ್ದಳು. ಚಿಕ್ಕಂದಿನಲ್ಲಿ ಅಮ್ಮನ ತಲೆದೆಸೆಯಲ್ಲಿ ಇರುತ್ತಿದ್ದ ಮಾತ್ರೆ ಅದು. ಚೀಟಿ ಇಲ್ಲ, ತಾರೀಖಿಲ್ಲ. ಹದಿನಾರು ಮಾತ್ರೆ ಒಳಗೆ ಹೋಗಿವೆ. ಹದಿನಾರು ದಿನದಲ್ಲೋ, ಒಂದೇ ರಾತ್ರಿಯಲ್ಲೋ?

ಡಾಕ್ಟರಿಗೆ ಮಾತ್ರೆಯ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದರೂ ಹಾರ್ಟು ಅನ್ನುತ್ತಿದ್ದರೇ? ಈಗ ಬಾಯಿಬಿಟ್ಟರೆ ಅಮ್ಮನ ಮೈಯನ್ನು ಕೊಯ್ಯುತ್ತಾರೆ. ಬಾಯಿಬಿಡದಿದ್ದರೆ ಹನ್ನೊಂದೂವರೆಗೆ ಎಲ್ಲ ಬೂದಿ. ಆಮೇಲೆ ಆ ಪ್ರಶ್ನೆ ಅವಳೊಬ್ಬಳ ಮನಸ್ಸಿನೊಳಗೆ ಬಾಡಿಗೆ ಕೊಡದೆ ಕೂತುಬಿಡುತ್ತದೆ.

ಅತ್ತಿಗೆ ಕಾಫಿ ತಂದಿಟ್ಟಳು. "ಮಾವ ರಾತ್ರಿಯೆಲ್ಲ ಏನೋ ಹುಡುಕ್ತಿದ್ರು ಅನ್ಸುತ್ತೆ. ಏನು ಬೇಕು ಅಂದ್ರೆ ಏನಿಲ್ಲ ಅಂದ್ರು. ಪಾಪ, ಅತ್ತೇನೇ ಹುಡುಕ್ತಿದ್ರೇನೋ."

ಮಗಳು ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

*

ಅವಳಿಗೆ ಆರು ವರ್ಷವಿದ್ದಾಗ ಅಮ್ಮ ಒಂದು ದಿನ ಒಲೆಯ ಮೇಲಿಟ್ಟ ಹಾಲು ಉಕ್ಕಿ, ಸೀದು, ಪಾತ್ರೆ ಕಪ್ಪಾಗುವವರೆಗೂ ಅದರ ಮುಂದೆ ನಿಂತೇ ಇದ್ದಳು. ಅದಾದ ಮೇಲೆ ನಾಲ್ಕು ತಿಂಗಳು ಮಾನಸಿಕ ಆಸ್ಪತ್ರೆ. ಅಪ್ಪ ಬೀದಿಯವರಿಗೆ, ತಾವು ಕೆಲಸ ಮಾಡುವ ಅಚ್ಚಿನ ಪ್ರೆಸ್ಸಿನವರಿಗೆ, ಮಕ್ಕಳ ಶಾಲೆಗೆ ಹೇಳಿದ್ದು ಒಂದೇ ಮಾತು: "ತವರಿಗೆ ಹೋಗಿದಾಳೆ."

ಅಮ್ಮನಿಗೆ ತವರೇ ಇರಲಿಲ್ಲ. ಅಜ್ಜ, ಅಜ್ಜಿ ಎಂದೋ ಹೋಗಿದ್ದರು, ಒಡಹುಟ್ಟಿದವರಿಲ್ಲ. ಅದು ಇಡೀ ಬೀದಿಗೆ ಗೊತ್ತಿತ್ತು. ಪ್ರೆಸ್ಸಿನ ಫೋರ್‌ಮನ್ ಆಗಿದ್ದ ಅಪ್ಪನ ಮುಖ ನೋಡಿ ಯಾರೂ ಎದುರು ಕೇಳಲಿಲ್ಲ.

ಆ ಆಸ್ಪತ್ರೆಯ ಹಿಂದೆ ಬಟ್ಟೆ ಒಗೆಯುವ ವಿಭಾಗವಿತ್ತು. ಅದರ ಮುಖ್ಯಸ್ಥೆ ದಿನಾ ವಾರ್ಡಿಗೆ ಹೇಳಿಕಳಿಸುತ್ತಿದ್ದಳಂತೆ: "ಹಾಸುಬಟ್ಟೆ ಮಡಚೋಕೆ ಜನ ಬೇಕು. ಬಾಯಾಡೋರು ಬೇಡ, ಸುಮ್ನೆ ಕೂತಿರೋರನ್ನೇ ಕಳಿಸಿ." ಅಮ್ಮನನ್ನು ಕಳಿಸಿದರು. ಇಬ್ಬರು ಎದುರುಬದುರು ನಿಲ್ಲಬೇಕು. ಎರಡೆರಡು ಮೂಲೆ ಹಿಡಿಯಬೇಕು. ಮೂರು ಹೆಜ್ಜೆ ಹಿಂದೆ, ಪಟ್ ಎಂದು ಎಳೆತ, ನಡುವಿಗೆ ಮಡಿಕೆ, ಮೂರು ಹೆಜ್ಜೆ ಮುಂದೆ, ಕೈಗೆ ಕೈ. ಹೆಜ್ಜೆ ತಪ್ಪದಿರಲಿ ಎಂದು ಒಂದು ರಾಗ. ಮಾತಿಲ್ಲದ್ದು, ಮೂಗಿನಲ್ಲೇ ಗುನುಗುವಂಥದ್ದು. ಮಾತ್ರೆಯೂ ಇತ್ತು, ಡಾಕ್ಟರೂ ಇದ್ದರು. ಅಮ್ಮ ಅವರನ್ನು ಎಂದೂ ಅಲ್ಲಗಳೆಯಲಿಲ್ಲ. ಆದರೆ ವಾಸಿಯಾದ ಕತೆ ಹೇಳುವಾಗ ಆ ಕೋಣೆಯಿಂದಲೇ ಶುರುಮಾಡುತ್ತಿದ್ದಳು. "ಹತ್ತೊಂಬತ್ತನೇ ದಿನ ನನ್ನ ಬಾಯಿಂದ್ಲೂ ರಾಗ ಬಂತು. ನಂಗೇ ಗಾಬರಿ, ಯಾರಪ್ಪಾ ಇದು ಅಂತ."

ಬಿಡುಗಡೆಯಾದ ಮೇಲೆ ಅಲ್ಲೇ ಕೆಲಸಕ್ಕೆ ಸೇರಿದಳು. ನಿವೃತ್ತಿಯಾಗುವವರೆಗೆ ಮೂವತ್ತೊಂದು ವರ್ಷ. ವಾರ್ಡಿನಿಂದ ಬಂದವರ ಎದುರು ಅವಳೇ ನಿಲ್ಲುತ್ತಿದ್ದಳು. "ಮೂಲೆ! ಮೂಲೆ ನೋಡಿ!" ಎಂದು ಕೂಗಿ ಕೂಗಿ ಅಲ್ಲಿ ಅವಳ ಹೆಸರೇ ಮೂಲೆಯಕ್ಕ ಎಂದಾಗಿತ್ತು.

ಮನೆಯಲ್ಲಿ ಎದುರು ನಿಲ್ಲುತ್ತಿದ್ದವಳು ಮಗಳು. ನಿಂತವಳ ಕಣ್ಣು ಮಾತ್ರ ಅಮ್ಮನ ಮುಖದ ಮೇಲೆಯೇ. ಹುಬ್ಬು ಇಳಿದಿದೆಯೇ, ರಾಗ ನಿಂತಿದೆಯೇ, ಹಾಲು ಮತ್ತೆ ಸೀಯುತ್ತದೆಯೇ.

"ನನ್ನ ಮುಖದಲ್ಲೇನು ಸಿನಿಮಾ ಬಿಟ್ಟಿದಾರಾ?" ಅಮ್ಮ ಗದರುತ್ತಿದ್ದಳು. "ಎದುರಿನೋರ ಕೈ ನೋಡು ಪುಟ್ಟಿ. ಮುಖ ನೋಡ್ತಾ ಇದ್ರೆ ಅವರಿಗೂ ಭಾರ, ನಿಂಗೂ ಭಾರ."

ಅವಳಿಗೆ ಅದು ಬರಲಿಲ್ಲ. ಮೂವತ್ತೆಂಟು ತುಂಬಿದರೂ ಬರಲಿಲ್ಲ.

*

ಚಿತಾಗಾರದ ಹೊರಗಿನ ಹಜಾರದಲ್ಲಿ ಸಾಲು ಕುರ್ಚಿಗಳು. ಅಮ್ಮನನ್ನು ಒಂದು ಎತ್ತರದ ಮೇಜಿನ ಮೇಲೆ ಮಲಗಿಸಿದ್ದರು. ಹತ್ತೂಮುಕ್ಕಾಲಿಗೆ ಆಸ್ಪತ್ರೆಯ ಬಟ್ಟೆ ಸಾಗಿಸುವ ವ್ಯಾನೊಂದು ಬಂದು ನಿಂತಿತು. ಹಿಂಬಾಗಿಲಿನಿಂದ ಆರು ಜನ ಹೆಂಗಸರು ಇಳಿದರು. ಮುಂದೆ ಬಂದವಳು ಅಮ್ಮನ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದ ಇಸ್ತ್ರಿಯಮ್ಮ. ಅಮ್ಮನ ಮೇಲೆ ಹೊದಿಸಿದ್ದ ಬಟ್ಟೆ ನೋಡುತ್ತಲೇ ಅವಳ ಅಳು ಅರ್ಧಕ್ಕೆ ನಿಂತಿತು.

"ಅಯ್ಯೋ, ಯಾರ್ರೇ ಇದನ್ನ ಹೊದಿಸಿದ್ದು? ಹಸು ಅಗಿದು ಉಗುಳಿದ ಹಾಗಿದೆ! ಮೂಲೆಯಕ್ಕ ಎದ್ದು ಬಂದು ನಮ್ಮ ಕೆನ್ನೆಗೆ ಬಾರಿಸ್ತಾಳೆ."

"ಎದ್ರೆ ಏಳ್ಲಿ ಬಿಡು," ಅಂದಳು ಇನ್ನೊಬ್ಬಳು ಕಣ್ಣೊರೆಸಿಕೊಂಡು. "ಬೈಸ್ಕೊಳ್ಳೋಣ."

ಹೊಸ ಹಾಸು ತಂದಿದ್ದರು. ಹಳೆಯದನ್ನು ತೆಗೆದು ಹೊಸದನ್ನು ಹೊದಿಸಿದರು. ಇಸ್ತ್ರಿಯಮ್ಮ ಮಗಳ ಪಕ್ಕ ಬಂದು ಕೂತಳು.

"ಮೂರು ವಾರದ ಹಿಂದೆ ಬಂದಿದ್ಲು ಕಣಮ್ಮ. ಒಂದು ದೊಡ್ಡ ಹಾಸು ಕೊಡು, ಹಳೇದಾದ್ರೂ ಸೈ, ಒಬ್ರಿಗೆ ಕಲಿಸ್ಬೇಕು ಅಂದ್ಲು. ಯಾರಿಗೆ ಅಂದೆ. 'ಇದಾರೆ ಒಬ್ರು ಹಟಮಾರಿ, ಮೂಲೆ ಕೊಡಿ ಅಂದ್ರೆ ನಡು ಕೊಡ್ತಾರೆ' ಅಂತ ಹೇಳಿ ನಕ್ಕಿದ್ದೇ ನಕ್ಕಿದ್ದು."

"ನಕ್ಳಾ?" ಮಗಳು ತಟ್ಟನೆ ಕೇಳಿದಳು. "ಚೆನ್ನಾಗಿದ್ಲಾ? ನಿಮಗೇನೂ ಅನ್ನಿಸ್ಲಿಲ್ವಾ?"

"ಅನ್ನಿಸೋಕೇನು? ನನ್ನ ಡಬ್ಬಿ ಊಟ ಪೂರ್ತಿ ಖಾಲಿ ಮಾಡಿ ಹೋದ್ಲು."

ಅಷ್ಟರಲ್ಲಿ ಇಬ್ಬರು ಹೆಂಗಸರು ತೆಗೆದ ಹಾಸನ್ನು ಮಡಚಲು ನಿಂತರು. ಯಾರೂ ಹೇಳಿಕೊಡದೆಯೇ ರಾಗ ಶುರುವಾಯಿತು. ಮೂರು ಹೆಜ್ಜೆ ಹಿಂದೆ. ಪಟ್.

ಮಗಳ ಕಿವಿ ನಿಮಿರಿತು. ರಾತ್ರಿ ಗೋಡೆಯಾಚೆ ಗುರುತು ಸಿಗದ ಸದ್ದು. ಅದೇ.

ಎದುರಿನ ಕುರ್ಚಿಯಲ್ಲಿ ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಮೈ ಅಲುಗುತ್ತಿರಲಿಲ್ಲ. ಕುರ್ಚಿಯ ಕೆಳಗೆ ಅವರ ಪಾದಗಳು ಮಾತ್ರ ಒಂದಿಷ್ಟೇ ಹಿಂದೆ ಸರಿದವು, ಒಂದು, ಎರಡು, ಮೂರು, ತಡೆದವು, ಮತ್ತೆ ಒಂದಿಷ್ಟೇ ಮುಂದೆ ಬಂದವು. ತನ್ನ ಕರವಸ್ತ್ರವನ್ನೂ ಒಮ್ಮೆ ಮಡಚಿಕೊಳ್ಳದ ಮನುಷ್ಯ.

ಅವಳು ಎದ್ದು ಹೋಗಿ ಅಪ್ಪನ ತೋಳು ಹಿಡಿದಳು. "ಒಂದ್ನಿಮಿಷ ಬನ್ನಿ."

*

ಹಜಾರದ ಪಕ್ಕದ ಓಣಿಯಲ್ಲಿ, ನೀರಿನ ನಲ್ಲಿಯ ಹತ್ತಿರ, ಅವಳು ಕೈಚೀಲ ತೆರೆದು ಪಟ್ಟಿಗಳನ್ನು ಹೊರತೆಗೆದಳು.

"ಅಪ್ಪ, ಇದು ಅಮ್ಮ..."

ಅಪ್ಪ ಕಳೆದ ಕೀಲಿಕೈ ಸಿಕ್ಕಿದವರಂತೆ ನೋಡಿದರು. "ನಿನ್ನ ಹತ್ರ ಇತ್ತಾ? ರಾತ್ರಿಯೆಲ್ಲ ಆ ಪೆಟ್ಟಿಗೆ ತಡಕಾಡ್ದೆ. ನೋಡಿಲ್ಲಿ, ಸೂಜಿ ಚುಚ್ಚಿದ್ದು." ಹೆಬ್ಬೆರಳು ತೋರಿಸಿದರು.

"ನಿಮ್ಮದಾ?"

"ನಂದು. ದಿನಕ್ಕೊಂದು. ಹದಿನಾರಾಗಿದೆ, ನಿನ್ನೇದು ತಪ್ಪಿದೆ. ಬೇಕಾದ್ರೆ ಎಣಿಸು."

ಎಣಿಸುವ ಅಗತ್ಯವಿರಲಿಲ್ಲ. ನಿನ್ನೆಯಿಂದ ಅವಳು ಅದನ್ನು ಎಷ್ಟು ಸಲ ಎಣಿಸಿದ್ದಳೋ! ಅವಳು ಗೋಡೆಗೆ ಒರಗಿದಳು. ಅಮ್ಮನದಲ್ಲ. ಅಮ್ಮನದಲ್ಲ.

"ಪ್ರೆಸ್ಸು ಮುಚ್ಚಿದ ಮೇಲೆ ನಿದ್ದೆ ಹೋಯ್ತು," ಅಪ್ಪ ನಲ್ಲಿಗೆ ಹೇಳುವವರಂತೆ ಹೇಳಿದರು. "ತಾರಸಿ ನೋಡ್ತಾ ನೋಡ್ತಾ ಬೆಳಗಾಗ್ತಿತ್ತು. ಎದ್ದು ಏನು ಮಾಡ್ಬೇಕು, ಯಾಕೆ ಏಳ್ಬೇಕು ಅಂತ... ಒಂದಿನ ರಾತ್ರಿ ಅವಳು ಹಾಸು ತಂದು, 'ಏಳಿ, ಈ ತುದಿ ಹಿಡೀರಿ' ಅಂದ್ಲು. ನಂಗೆ ಹುಚ್ಚು ಹಿಡಿದಿಲ್ಲ ಅಂದೆ. 'ಹುಚ್ಚು ಅಂತ ಯಾರಂದ್ರು? ಹಾಸು ಹಿಡೀರಿ ಅಂದೆ' ಅಂದ್ಲು. ಅದಾಗಿ ಐದು ದಿನಕ್ಕೆ ಡಾಕ್ಟ್ರ ಹತ್ರಾನೂ ಕರ್ಕೊಂಡು ಹೋದ್ಲು. ಯಾರಿಗೂ ಹೇಳ್ಬೇಡ ಅಂತ ನಾನೇ ಕೈ ಹಿಡ್ಕೊಂಡೆ."

"ಏನಂದ್ಲು?"

ಅಪ್ಪನ ತುಟಿ ಓರೆಯಾಯಿತು. "'ಹೆದರ್ಬೇಡಿ. ಯಾರಾದ್ರೂ ಕೇಳಿದ್ರೆ ತವರಿಗೆ ಹೋಗಿದಾರೆ ಅಂತೀನಿ' ಅಂದ್ಲು."

ಮೊದಲು ನಗು ಬಂದದ್ದು ಮಗಳಿಗೆ. ಸೆರಗು ಬಾಯಿಗೆ ತುರುಕಿಕೊಂಡಳು. ತಡೆಯಲಾಗಲಿಲ್ಲ. ಅವಳನ್ನು ನೋಡಿ ಅಪ್ಪನ ಭುಜಗಳೂ ಕುಲುಕತೊಡಗಿದವು. ಇಬ್ಬರೂ ಗೋಡೆಗೆ ಮುಖ ಮಾಡಿ ನಿಂತು, ಕಣ್ಣಲ್ಲಿ ನೀರು ಸುರಿಯುವಷ್ಟು ನಕ್ಕರು.

"ಮೊನ್ನೆ ರಾತ್ರಿ?" ಅವಳು ಉಸಿರು ತೆಗೆದುಕೊಂಡು ಕೇಳಿದಳು. "ಕೊನೇ ರಾತ್ರಿ ಹೇಗಿದ್ಲು?"

"ಮೊನ್ನೆ ಮೂಲೆ ಸರಿಯಾಗಿ ಕೂತ್ಕೊಂತು, ಮೊದಲನೇ ಸಲ. 'ಅಬ್ಬಾ, ಪಾಸಾದ್ರಿ' ಅಂದ್ಲು. ಗುನುಗ್ತಾನೇ ಮಲಗಿದ್ಲು ಪುಟ್ಟಿ."

ಓಣಿಯ ತುದಿಯಲ್ಲಿ ಅತ್ತಿಗೆ ಕಾಣಿಸಿಕೊಂಡಳು. ಅಲುಗುವ ನಾಲ್ಕು ಭುಜಗಳನ್ನು ನೋಡಿ ಅವಳೂ ಕಣ್ಣೊರೆಸಿಕೊಂಡಳು. "ಅತ್ತುಬಿಡಿ ಮಾವ, ಒಳಗೆ ಇಟ್ಕೋಬೇಡಿ," ಎಂದು ಓಡಿಹೋಗಿ ಲೋಟ ತಂದು ನೀರು ಹಿಡಿದು ಕೊಟ್ಟು ಹೋದಳು. ಅಪ್ಪ ಆ ನೀರಿನಲ್ಲೇ ಹದಿನೇಳನೆಯ ಮಾತ್ರೆ ನುಂಗಿದರು.

ಹನ್ನೊಂದೂವರೆಗೆ ಕಬ್ಬಿಣದ ಬಾಗಿಲು ತೆರೆದು ಮುಚ್ಚಿಕೊಂಡಿತು. ಮಗಳು ಜೋರಾಗಿ ಅತ್ತಳು. ನಿನ್ನೆಯಿಂದ ಅವಳಿಗೆ ಅಳು ಬಂದಿರಲಿಲ್ಲ.

*

ಸಂಜೆ ಅಣ್ಣ ಹೊರಗಿನ ಕೋಣೆಯಲ್ಲಿ ಫೋನಿನಲ್ಲಿದ್ದ. "ಹೌದು, ಹಾರ್ಟು. ಏನೂ ನರಳಲಿಲ್ಲ," ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದ. ಆ ಮಾತು ಈಗ ಕಿವಿಗೆ ಹಿತವಾಗಿತ್ತು.

ಅಪ್ಪ ಮಂಚದ ಅಂಚಿನಲ್ಲಿ ಕೂತಿದ್ದರು. ಮಗಳು ಕುರ್ಚಿಯ ಮೇಲಿನ ಹಾಸನ್ನು ಬಿಡಿಸಿ ಎರಡು ಮೂಲೆಗಳನ್ನು ಅವರತ್ತ ಚಾಚಿದಳು.

"ಏಳಿ. ಈ ತುದಿ ಹಿಡೀರಿ."

"ಇವತ್ತಾ?"

"ರಾತ್ರಿ ಒಬ್ರೇ ಮಡಚಿದ್ರಲ್ಲ, ನೋಡೋಕಾಗ್ತಿಲ್ಲ."

ಅಪ್ಪ ಎದ್ದರು. ಮೂರು ಹೆಜ್ಜೆ ಹಿಂದೆ ಸರಿದರು. ಅಭ್ಯಾಸಬಲದಿಂದ ಅವಳ ಕಣ್ಣು ಅವರ ಮುಖಕ್ಕೆ ಹೋಯಿತು. ಕೆನ್ನೆ ಇಳಿದಿತ್ತು, ಕಣ್ಣ ಸುತ್ತ ಕಪ್ಪು. ಎಷ್ಟು ದಿನದಿಂದ ಹೀಗಿತ್ತೋ! ಅವಳು ಅಮ್ಮನನ್ನಷ್ಟೇ ಕಾಯುತ್ತಿದ್ದಳು. ಕಷ್ಟಪಟ್ಟು ನೋಟವನ್ನು ಕೆಳಗಿಳಿಸಿದಳು. ಅಪ್ಪನ ಕೈ. ಉಗುರಿನ ಸಂದಿಯಲ್ಲಿ ಇನ್ನೂ ಉಳಿದ ಪ್ರೆಸ್ಸಿನ ಮಸಿ. ಹೆಬ್ಬೆರಳಲ್ಲಿ ಸೂಜಿಯ ಕೆಂಪು ಚುಕ್ಕೆ.

ಪಟ್.

ರಾಗ ಅವಳ ಗಂಟಲಿನಿಂದ ತಾನಾಗಿ ಬಂತು. ಎರಡನೇ ಮಡಿಕೆಯ ಹೊತ್ತಿಗೆ ಅದರ ಅಡಿಯಲ್ಲಿ ಇನ್ನೊಂದು ದನಿ ಸೇರಿತು. ದಪ್ಪ, ಶ್ರುತಿ ತಪ್ಪಿದ, ನಾಚಿಕೊಂಡ ದನಿ. ಅಪ್ಪ ಗುನುಗಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಬಾಗಿಲ ಆಚೆ ಹೆಜ್ಜೆ ಬಂದು ನಿಂತಿತು. "ಏನೇ ಅದು ಸದ್ದು?" ಅಣ್ಣ ಕೇಳಿದ. "ಅಪ್ಪ ಹೇಗಿದಾರೆ? ಬೆಳಗ್ಗೆ ಓಣಿಯಲ್ಲಿ ಏನೋ ಹೇಳ್ತಿದ್ರಂತಲ್ಲ?"

ಅಪ್ಪನ ದನಿ ನಿಂತಿತು. ಹಾಸಿನ ಮೂಲೆ ಹಿಡಿದ ಬೆರಳುಗಳು ಬಿಗಿದು, ಗೆಣ್ಣುಗಳು ಬೆಳ್ಳಗಾದವು.

ಅಮ್ಮ ಈ ಬಗ್ಗೆ ಯಾರಿಗೂ ಒಂದು ಮಾತೂ ಆಡದೆ ಹೋಗಿದ್ದಳು. ಹೇಳುವುದಿದ್ದರೆ ಅಪ್ಪ ಹೇಳಲಿ, ಅವರಿಗೆ ಬೇಕೆನಿಸಿದ ದಿನ. ತಾನಂತೂ ಯಾರಿಗೂ ಹೇಳುವುದಿಲ್ಲ.

"ಏನಿಲ್ಲ ಕಣೋ," ಅವಳು ಆ ಕೈಗಳನ್ನೇ ನೋಡುತ್ತ ಕೂಗಿ ಹೇಳಿದಳು. "ಹಾಸು ಮಡಚ್ತಿದೀವಿ. ಮೂಲೆ ಕೊಡಿ ಅಂದ್ರೆ ನಡು ಕೊಡ್ತಾರೆ, ಅಷ್ಟೇ."

ಗೆಣ್ಣುಗಳಿಗೆ ಮೆಲ್ಲಗೆ ಬಣ್ಣ ಮರಳಿತು. ಅಪ್ಪ ಮೂರು ಹೆಜ್ಜೆ ಮುಂದೆ ಬಂದು, ಎರಡೂ ಮೂಲೆಗಳನ್ನು ಅವಳ ಬೆರಳುಗಳ ನಡುವೆ ಇಟ್ಟರು.